ಜೋಸೆಫ್ ಹೆನ್ರಿಯೂ ಮಂಜಿನೊಳಗಿನ ಕಹಳೆಯೂ

ಮಂಜು ಕವಿದ ಸಮುದ್ರದಲ್ಲಿ ಹಡಗನ್ನು ನಡೆಸುವವನಿಗೆ ಕಣ್ಣಿದ್ದೂ ಇಲ್ಲದಂತೆಯೇ ಸರಿ. ದೀಪಸ್ತಂಭದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ದಟ್ಟವಾದ ಮಂಜಿನಲ್ಲಿ ಅದು ತೀರ ಸಮೀಪಕ್ಕೆ ಬಂದ ಹೊರತು ಕಾಣಿಸದು. ಅಂಥ ವೇಳೆಯಲ್ಲಿ ನಾವಿಕನು ಕಿವಿಯೊಂದನ್ನೇ ನಂಬಬೇಕು. ಆದಕಾರಣ ಪೂರ್ವದಿಂದಲೂ ಬಂಡೆಗಳುಳ್ಳ ಕರಾವಳಿಗಳಲ್ಲಿ ಗಂಟೆ ಬಾರಿಸುವುದು, ಫಿರಂಗಿ ಹಾರಿಸುವುದು, ಕಹಳೆ ಊದುವುದು ಮೊದಲಾದ ಏರ್ಪಾಡುಗಳಿದ್ದುವು. ಆದರೆ ಈ ಕಹಳೆಗಳ ವಿಷಯದಲ್ಲಿ ಒಂದು ವಿಚಿತ್ರವಾದ ದೂರು ಪದೇ ಪದೇ ಕೇಳಿಬರುತ್ತಿತ್ತು. ಹಡಗು ಬಂಡೆಗೆ ತಾಗಿ ಒಡೆದ ಬಳಿಕ ಅದರ ಕಪ್ತಾನನು ಕಹಳೆ ಊದಲೇ ಇಲ್ಲವೆಂದು ಆಣೆಯಿಟ್ಟು ಹೇಳುವನು. ದೀಪಸ್ತಂಭದ ಕಾವಲುಗಾರನು ತಾನು ಒಂದು ಕ್ಷಣವೂ ಬಿಡದೆ ಊದುತ್ತಿದ್ದೆನೆಂದು ಆಣೆಯಿಡುವನು. ಇಬ್ಬರಲ್ಲೊಬ್ಬನು ಸುಳ್ಳುಗಾರನೆಂದು ಜನರು ತೀರ್ಮಾನಿಸುವುದು ಸಹಜವೇ. ಇಬ್ಬರೂ ಸತ್ಯವಂತರಾಗಿರಬಹುದೆಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನಾದ ಅಮೆರಿಕದ ಜೋಸೆಫ್ ಹೆನ್ರಿಯ ಜೀವನವನ್ನು ಈ ಸಂಚಿಕೆಯ ವಾಚಕಿಯರಿಗೆ ಸಂಗ್ರಹವಾಗಿ ತಿಳಿಸಬೇಕೆಂದು ನಾವು ಅಪೇಕ್ಷಿಸಿದ್ದೇವೆ.

ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿನಿಯರು ಹೆನ್ರಿ ಎಂಬ ಹೆಸರನ್ನು ವಿದ್ಯುಚ್ಛಾಸ್ತ್ರದ ಪಾಠದಲ್ಲಿ ಒಂದು ಅಳತೆಯ ಹೆಸರಾಗಿ ಬಲ್ಲರು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಅನೇಕರಿಗೆ ಹೊಳೆದಿರಲಾರದು.

ಈತನು ೧೭೯೭ನೆಯ ಇಸವಿಯ ಡಿಸೆಂಬರ್ ೧೭ರಂದು ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ಪಟ್ಟಣದಲ್ಲಿ ಸ್ಕಾಟ್ಲೆಂಡ್ ಮೂಲದ ಒಂದು ಬಡ ಕುಟುಂಬದಲ್ಲಿ ಹುಟ್ಟಿದನು. ತಂದೆಯು ಕೂಲಿ ಮಾಡಿ ಜೀವಿಸುತ್ತಿದ್ದನು. ಮಗನು ಇನ್ನೂ ಚಿಕ್ಕವನಾಗಿರುವಾಗಲೇ ಆತನು ತೀರಿಕೊಂಡನು. ಬಾಲಕನು ಗಾಲ್ವೇ ಎಂಬ ಹಳ್ಳಿಯಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದು, ಅಲ್ಲಿಯ ಒಂದು ಅಂಗಡಿಯಲ್ಲಿ ಚಾಕರಿ ಮಾಡುತ್ತಿದ್ದನು. ಆತನ ಬಾಲ್ಯದ ಒಂದು ಕಥೆ ಪ್ರಸಿದ್ಧವಾಗಿದೆ. ಸಾಕಿದ ಮೊಲವು ಓಡಿಹೋಗಿ ಹಳ್ಳಿಯ ದೇವಾಲಯದ ಅಡಿಪಾಯದೊಳಗೆ ನುಸುಳಿತಂತೆ. ಅದನ್ನು ಹಿಡಿಯಲು ತೆವಳಿಕೊಂಡು ಹೋದ ಹುಡುಗನು ನೆಲದ ಹಲಗೆಗಳ ಸಂದಿನಿಂದ ಮೇಲಕ್ಕೆ ಬಂದಾಗ, ಎದುರಿಗೆ ಪುಸ್ತಕಗಳ ಕಪಾಟು! ಅಲ್ಲಿ ಕೈಗೆ ಸಿಕ್ಕಿದ ಒಂದು ಕಾದಂಬರಿಯೇ ಆತನಿಗೆ ಓದಿನ ರುಚಿಯನ್ನು ಹತ್ತಿಸಿತು. ಮುಂದೆ ಆಲ್ಬನಿಗೆ ಹಿಂದಿರುಗಿ ಗಡಿಯಾರ ರಿಪೇರಿ ಮಾಡುವವನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದಾಗ ಆತನ ಮನಸ್ಸೆಲ್ಲವೂ ನಾಟಕದ ಕಡೆಗೇ ಇತ್ತು. ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಅಸ್ವಸ್ಥನಾಗಿ ಮನೆಯಲ್ಲಿ ಕುಳಿತಿರುವಾಗ, ತಾಯಿಯ ಮನೆಯಲ್ಲಿ ಊಟವಸತಿಗಿದ್ದ ಒಬ್ಬನ ವಿಜ್ಞಾನದ ಪುಸ್ತಕವು ಆತನ ಕಣ್ಣಿಗೆ ಬಿತ್ತು. ಮೇಲಕ್ಕೆಸೆದ ಕಲ್ಲು ಏಕೆ ಕೆಳಕ್ಕೆ ಬೀಳುತ್ತದೆ ಎಂಬಂಥ ಸಾಮಾನ್ಯ ಪ್ರಶ್ನೆಗಳಿಂದ ಪ್ರಾರಂಭವಾಗುವ ಆ ಪುಸ್ತಕವನ್ನು ಓದಿದ ಮೇಲೆ ನಾಟಕದ ಹುಚ್ಚು ಬಿಟ್ಟುಹೋಯಿತು.

೧೮೧೯ರಲ್ಲಿ, ಇತರ ಹುಡುಗರು ಶಾಲೆಯನ್ನು ಮುಗಿಸುವ ವಯಸ್ಸಿನಲ್ಲಿ, ಆತನು ಆಲ್ಬನಿ ಅಕಾಡೆಮಿಯನ್ನು ಸೇರಿದನು. ಹೊಟ್ಟೆಪಾಡಿಗಾಗಿ ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದನು, ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿದನು, ರಸ್ತೆಗಳ ಮೋಜಣಿಯನ್ನೂ ಮಾಡಿದನು. ೧೮೨೬ರಲ್ಲಿ ಅದೇ ಅಕಾಡೆಮಿಯಲ್ಲಿ ಅಧ್ಯಾಪಕನಾದನು. ದಿನಕ್ಕೆ ಏಳು ಗಂಟೆಗಳ ಕಾಲ ಪಾಠ ಹೇಳುವ ಕೆಲಸ; ಸಂಶೋಧನೆಗೆ ದೊರೆತದ್ದು ಬೇಸಿಗೆಯ ರಜೆಯ ತಿಂಗಳು ಮಾತ್ರ. ಉಪಾಧ್ಯಾಯಿನಿಯರಾದ ನಾವು ಇದನ್ನು ಓದುವಾಗ ಆತನ ಮೇಲೆ ಒಂದು ಬಗೆಯ ಬಂಧುಭಾವ ಹುಟ್ಟದಿರುವುದಿಲ್ಲ. ಆ ಅಲ್ಪ ಕಾಲದಲ್ಲಿಯೇ ಆತನು ರೇಷ್ಮೆ ಸುತ್ತಿದ ತಂತಿಯನ್ನು ಕಬ್ಬಿಣಕ್ಕೆ ಅನೇಕ ಸುತ್ತು ಸುತ್ತಿ, ೧೮೩೧ರಲ್ಲಿ ಎರಡು ಸಾವಿರ ಪೌಂಡಿಗೂ ಮೀರಿದ ಭಾರವನ್ನೆತ್ತುವ ವಿದ್ಯುತ್ಕಾಂತವನ್ನು ಮಾಡಿದನು. ಅದೇ ವರ್ಷ ಒಂದು ಮೈಲಿಗಿಂತ ಹೆಚ್ಚು ಉದ್ದದ ತಂತಿಯನ್ನು ಕೋಣೆಯ ಸುತ್ತಲೂ ಎಳೆದು, ಒಂದು ತುದಿಯಲ್ಲಿ ವಿದ್ಯುತ್ತನ್ನು ಹರಿಸಿ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸಿದನು. ಮುಂದೆ ಬಂದ ತಂತಿ ಸಮಾಚಾರದ ತತ್ತ್ವವು ಇದೇ. ಆತನು ಇದಕ್ಕಾಗಿ ಸನದನ್ನು ಪಡೆಯಲಿಲ್ಲ. ಹಣವೂ ಬಹುಪಾಲು ಕೀರ್ತಿಯೂ ಇತರರಿಗೆ ಸಂದುವು.

೧೮೩೨ರಲ್ಲಿ ಪ್ರಿನ್ಸ್‌ಟನ್ ಕಾಲೇಜಿಗೆ ಪ್ರೊಫೆಸರನಾಗಿ ಹೋದನು. ೧೮೪೬ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಪ್ರಥಮ ಕಾರ್ಯದರ್ಶಿಯಾಗಿ ನೇಮಕ ಹೊಂದಿ, ಜೀವಾವಧಿ ಆ ಹುದ್ದೆಯಲ್ಲಿದ್ದನು. ಅಲ್ಲಿ ಆತನು ಕೈಗೊಂಡ ಒಂದು ಕಾರ್ಯವು ನಮ್ಮ ಕಥೆಗೆ ಸಂಬಂಧಿಸಿದುದು. ೧೮೪೯ರಲ್ಲಿ ದೇಶದ ಬೇರೆ ಬೇರೆ ಕಡೆಗಳಲ್ಲಿ ಸುಮಾರು ೧೫೦ ಮಂದಿ ಸ್ವಯಂಸೇವಕರಿಂದ ಗಾಳಿ, ಮಳೆ, ಸೆಕೆಗಳ ವಿವರಗಳನ್ನು ತರಿಸತೊಡಗಿದನು. ತಂತಿಯ ಮೂಲಕವೂ ದಿನದಿನದ ಹವೆಯ ವರ್ತಮಾನ ಬರುತ್ತಿತ್ತು. ಅದನ್ನು ಒಂದು ದೊಡ್ಡ ಭೂಪಟದ ಮೇಲೆ ಗುರುತಿಸಿ ಜನರಿಗೆ ಕಾಣುವಂತೆ ತೂಗಹಾಕಿಸಿದನು. ನೆಲದ ಹತ್ತಿರದ ಗಾಳಿ ಒಂದು ದಿಕ್ಕಿಗೆ ಬೀಸುತ್ತಿರುವಾಗಲೇ ಮೇಲಿನ ಗಾಳಿ ಬೇರೊಂದು ದಿಕ್ಕಿಗೆ ಬೀಸುತ್ತಿರಬಹುದೆಂಬ ಸಂಗತಿಯು ಹೀಗೆ ಹವೆಯನ್ನು ಬಲ್ಲವನಾದ ಆತನಿಗೆ ಸುಪರಿಚಿತವಾಗಿತ್ತು.

ಆತನಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ೧೮೬೨ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾ ವಾಗ್ಮಿಯಾಗಿ ಪ್ರಸಿದ್ಧನಾಗಿದ್ದ ಫ್ರೆಡರಿಕ್ ಡಗ್ಲಸನು ಸ್ಮಿತ್‌ಸೋನಿಯನ್ನಿನ ಸಭಾಂಗಣದಲ್ಲಿ ಉಪನ್ಯಾಸ ಮಾಡಲು ಹೆನ್ರಿ ಅನುಮತಿ ಕೊಡಲಿಲ್ಲ. ಪ್ರಿನ್ಸ್‌ಟನ್ನಿನಲ್ಲಿ ಆತನ ಪ್ರಯೋಗಗಳಿಗೆ ಬಲಗೈಯಂತೆ ನೆರವಾದ ಸ್ಯಾಮ್ ಪಾರ್ಕರನು ಕರಿಯ ಜನಾಂಗದವನೇ ಆಗಿದ್ದನೆಂಬುದನ್ನು ನೆನೆದರೆ ಈ ನಡತೆಯು ಇನ್ನಷ್ಟು ಖೇದಕರವಾಗಿ ತೋರುತ್ತದೆ.

೧೮೫೨ರಲ್ಲಿ ಅಮೆರಿಕದ ಸರಕಾರವು ದೀಪಸ್ತಂಭಗಳ ಮಂಡಲಿಯನ್ನು ಸ್ಥಾಪಿಸಿದಾಗ ಹೆನ್ರಿ ಅದರ ಸದಸ್ಯನಾದನು, ೧೮೭೧ರಿಂದ ಅಧ್ಯಕ್ಷನಾದನು. ಈ ಕೆಲಸಕ್ಕೆ ಆತನು ಸಂಬಳ ತೆಗೆದುಕೊಳ್ಳಲಿಲ್ಲ. ತಿಮಿಂಗಿಲದ ಎಣ್ಣೆಯ ಬೆಲೆ ಏರಿಹೋದಾಗ ಹಂದಿಯ ಕೊಬ್ಬಿನ ಎಣ್ಣೆಯನ್ನು ಹದವಾಗಿ ಕಾಯಿಸಿ ಉರಿಸಿದರೆ ಅಷ್ಟೇ ಒಳ್ಳೆಯ ಬೆಳಕು ದೊರೆಯುವುದೆಂದು ಪರೀಕ್ಷಿಸಿ ತೋರಿಸಿ ಬಹಳ ಹಣವನ್ನುಳಿಸಿದನು. ಆದರೆ ಆತನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಮಂಜಿನ ಕಹಳೆ. ವೃದ್ಧಾಪ್ಯದಲ್ಲಿಯೂ ಬೇಸಿಗೆಯಲ್ಲಿ ಇತರರು ವಿಶ್ರಾಂತಿಗೆ ಹೋಗುವಾಗ ಈತನು ಮಂಡಲಿಯ ಸ್ಟೀಮರನ್ನು ಹತ್ತಿ ಕಡಲಿಗೆ ಹೋಗುತ್ತಿದ್ದನು.

೧೮೬೫ರಲ್ಲಿ ನ್ಯೂ ಹೇವನ್ ಬಳಿ ನಡೆಸಿದ ಪರೀಕ್ಷೆಗಳಲ್ಲಿ ಗಂಟೆ, ಹಬೆಯ ಸಿಳ್ಳು, ಗಾಳಿಯ ಕಹಳೆಗಳನ್ನು ಹೋಲಿಸಿ ನೋಡಿದನು. ಕೇಳುವವನ ಕಿವಿಯನ್ನು ಮಾತ್ರ ನಂಬದೆ, ಕಹಳೆಯಾಕಾರದ ಕೊಳವೆಯ ಕೊನೆಗೆ ತೆಳುವಾದ ಪೊರೆಯನ್ನು ಬಿಗಿದು ಅದರ ಮೇಲೆ ಮರಳನ್ನು ಉದುರಿಸಿ, ಎಷ್ಟು ದೂರದ ತನಕ ಮರಳು ಕುಣಿಯುತ್ತದೆ ಎಂದು ಅಳೆಯುತ್ತಿದ್ದನು. ಬೆಳಕನ್ನು ಕನ್ನಡಿಯಿಂದ ಒಂದೇ ಕಡೆಗೆ ತಿರುಗಿಸುವಂತೆ ನಾದವನ್ನೂ ದೊಡ್ಡ ಬೋಗುಣಿಯಾಕಾರದ ಪ್ರತಿಫಲಕದಿಂದ ಸಮುದ್ರದ ಕಡೆಗೆ ತಿರುಗಿಸಬಹುದೆಂದು ಆಗ ಅನೇಕರು ನಂಬಿದ್ದರು. ಹತ್ತಿರದಲ್ಲಿ ಅದು ನಿಜವೇ ಆಗಿತ್ತು. ಆದರೆ ಕೆಲವು ಮೈಲಿ ದೂರ ಹೋದ ಮೇಲೆ ಪ್ರತಿಫಲಕದ ಮುಂದೆಯೂ ಹಿಂದೆಯೂ ನಾದವು ಹೆಚ್ಚು ಕಡಮೆ ಒಂದೇ ಸಮನಾಗಿ ಕೇಳಿಬಂದಿತು. ನಾದದ ಅಲೆ ಬೆಳಕಿನ ಅಲೆಯಂತೆ ಸೂಕ್ಷ್ಮವಾದುದಲ್ಲ. ಸೆಕೆಂಡಿಗೆ ನೂರು ಸಲ ಕಂಪಿಸುವ ಮಂದ್ರಸ್ವರದ ಒಂದು ಅಲೆಯ ಉದ್ದವೇ ಸುಮಾರು ಹನ್ನೊಂದು ಅಡಿ. ಅಂಥ ದೊಡ್ಡ ಅಲೆ ಅಡ್ಡವಿಟ್ಟ ವಸ್ತುವನ್ನು ಬಳಸಿಕೊಂಡು ಅದರ ಹಿಂದಕ್ಕೂ ಹರಡುತ್ತದೆ.

ಇನ್ನು ಆ ದೂರಿನ ಮಾತು. ಮೇಯ್ನ್ ಸಂಸ್ಥಾನದ ಕರಾವಳಿಯಲ್ಲಿ ಮಂಡಲಿಯ ಎಂಜಿನಿಯರನಾಗಿದ್ದ ಜನರಲ್ ಡ್ಯುವೇನನು, ಅಲ್ಲಿಯ ಕಹಳೆಗಳು ಒಂದೊಂದು ಸಲ ಇಪ್ಪತ್ತು ಮೈಲಿ ದೂರ ಕೇಳಿಸುತ್ತವೆ, ಇನ್ನೊಂದು ಸಲ ಎರಡೇ ಮೈಲಿಗೆ ಅಡಗಿಹೋಗುತ್ತವೆ, ಹವೆಯಲ್ಲಿಯೋ ಯಾವ ವ್ಯತ್ಯಾಸವೂ ಕಾಣದು ಎಂದು ತಿಳಿಸಿದನು. ಅದೇ ಕರಾವಳಿಯ ವೈಟ್‌ಹೆಡ್ ಎಂಬ ಸ್ಥಳದಲ್ಲಿ ನಡೆದ ಸಂಗತಿಯನ್ನು ಹೆನ್ರಿ ವರದಿಮಾಡಿದ್ದಾನೆ. ಸ್ತಂಭದ ಕಡೆಗೆ ಬರುತ್ತಿದ್ದ ಸ್ಟೀಮರಿನವರಿಗೆ ಆರು ಮೈಲಿ ದೂರದಲ್ಲಿ ಅಲ್ಲಿಯ ಸಿಳ್ಳು ಸ್ಪಷ್ಟವಾಗಿ ಕೇಳಿಸಿತು. ಹತ್ತಿರ ಬಂದಂತೆ ಹೆಚ್ಚಿತು. ಸುಮಾರು ಮೂರು ಮೈಲಿಯಿರುವಾಗ ತಟ್ಟನೆ ನಿಂತುಹೋಯಿತು; ಕಾಲು ಮೈಲಿಯಷ್ಟು ಸಮೀಪಕ್ಕೆ ಬರುವ ಪರ್ಯಂತ ಮತ್ತೆ ಕೇಳಿಸಲಿಲ್ಲ. ಸ್ತಂಭದ ದೊಡ್ಡ ಸಿಳ್ಳೋ ಒಂದೇ ಸಮನೆ ಕೂಗುತ್ತಲೇ ಇತ್ತು. ಅದಕ್ಕಿಂತಲೂ ಆಶ್ಚರ್ಯವೇನೆಂದರೆ, ಅದೇ ಹೊತ್ತಿನಲ್ಲಿ ಹಡಗಿನ ಚಿಕ್ಕ ಸಿಳ್ಳು ಸ್ತಂಭದಲ್ಲಿದ್ದವರಿಗೆ ಚೆನ್ನಾಗಿ ಕೇಳಿಸುತ್ತಿತ್ತು!

ನಡುವಿನ ಗಾಳಿ ಒಂದೇ ಆಗಿರುವಾಗ, ಹೋಗುವ ನಾದಕ್ಕೆ ಅಡ್ಡಿಯಾಗಿ ಬರುವ ನಾದಕ್ಕೆ ದಾರಿ ಬಿಟ್ಟದ್ದು ಯಾವುದು? ಇದಕ್ಕೆ ಹೆನ್ರಿ ಹಿಡಿದ ಸೂತ್ರವು ಕೇಂಬ್ರಿಜ್ಜಿನ ಪ್ರೊಫೆಸರ್ ಸ್ಟೋಕ್ಸನು ೧೮೫೭ರಲ್ಲಿ ಸೂಚಿಸಿದ್ದ ಒಂದು ವಿಚಾರ. ಅದನ್ನು ನಮ್ಮ ಹುಡುಗಿಯರ ಕವಾಯತಿನ ಉದಾಹರಣೆಯಿಂದಲೇ ತಿಳಿಸುವೆವು. ಹತ್ತು ಮಂದಿ ಕೈಕೈ ಹಿಡಿದು ಸಾಲಾಗಿ ಮುಂದೆ ನಡೆಯುತ್ತಿರುವಾಗ ಬಲತುದಿಯವಳು ವೇಗವಾಗಿಯೂ ಎಡತುದಿಯವಳು ನಿಧಾನವಾಗಿಯೂ ನಡೆದರೆ ಸಾಲು ತಾನಾಗಿ ಎಡಕ್ಕೆ ತಿರುಗುತ್ತದೆ. ನಾದದ ಅಲೆಯೂ ಹೀಗೆ ನೆಲದಿಂದ ಮೇಲಕ್ಕೆ ನಿಂತ ಒಂದು ಸಾಲೆಂದು ಭಾವಿಸಬೇಕು. ನೀರಿನ ಇಲ್ಲವೆ ನೆಲದ ತಿಕ್ಕಾಟದಿಂದ ಕೆಳಗಿನ ಗಾಳಿ ಮೆಲ್ಲಗೆ, ಮೇಲಿನದು ಜೋರಾಗಿ ಬೀಸುತ್ತದೆ. ಗಾಳಿಯೊಡನೆ ಹೋಗುವ ನಾದದ ಮೇಲಿನ ಅಂಚು ಮುಂದಾಗಿ, ಅಲೆಯು ಕೆಳಕ್ಕೆ ಬಾಗಿ, ನೀರನ್ನು ಅಪ್ಪಿಕೊಂಡು ಸಾಗುತ್ತದೆ. ಎದುರುಗಾಳಿಯಲ್ಲಿ ಹೋಗುವ ನಾದಕ್ಕೆ ಮೇಲಿನ ಅಂಚಿನಲ್ಲಿ ತಡೆ ಹೆಚ್ಚು. ಆದುದರಿಂದ ಅಲೆಯು ಮೇಲಕ್ಕೆ ಬಾಗಿ ಕೇಳುವವನ ತಲೆಯ ಮೇಲೆ ಹಾರಿಹೋಗುತ್ತದೆ. ಎದುರುಗಾಳಿಯು ನಾದವನ್ನು ನುಂಗುವುದಿಲ್ಲ, ಎತ್ತಿಬಿಡುತ್ತದೆ. ಹಡಗಿನ ಅಟ್ಟದ ಮೇಲೆ ನಿಂತವನಿಗೆ ಕೇಳದ ಕಹಳೆಯು ಪಟಕಂಬವನ್ನು ಹತ್ತಿದವನಿಗೆ ಕೇಳಿಸಬಹುದು.

ಹಾಗಾದರೆ ಆರು ಮೈಲಿಯ ಆಚೆ ಅದು ಕೇಳಿಸಿದ್ದು ಹೇಗೆ? ಇಲ್ಲಿಯೇ ಹೆನ್ರಿಯ ಹವಾಜ್ಞಾನವು ಸಹಾಯಕ್ಕೆ ಬಂತು. ಎತ್ತರದಲ್ಲಿ ಗಾಳಿಯು ಬೇರೆ ದಿಕ್ಕಿಗೆ ತಿರುಗಿಕೊಂಡಿದ್ದರೆ, ಮೇಲಕ್ಕೇರಿದ ನಾದವನ್ನು ಅದು ಮತ್ತೆ ಕೆಳಕ್ಕೆ ಬಾಗಿಸಿ ದೂರದಲ್ಲಿ ಇಳಿಸುತ್ತದೆ; ನಡುವೆ ಒಂದು ನಿಶ್ಶಬ್ದದ ಪಟ್ಟಿ ಉಳಿಯುತ್ತದೆ. ಇದು ಊಹೆಯಾಗಿಯೇ ಉಳಿಯಬಾರದೆಂದು ೧೮೭೪ರಲ್ಲಿ ನ್ಯೂಯಾರ್ಕಿನ ಹೊರಬಾಗಿಲಾದ ಸ್ಯಾಂಡಿ ಹುಕ್ ಬಳಿ ಸ್ಟೀಮರುಗಳನ್ನು ಎದುರುಬದುರಾದ ದಿಕ್ಕುಗಳಿಗೆ ಕಳುಹಿಸಿ, ಪ್ರತಿಯೊಂದರ ಸಿಳ್ಳು ಎಲ್ಲಿಯ ತನಕ ಕೇಳುತ್ತದೆಂದು ಗುರುತಿಸಿದನು. ಮೇಲಿನ ಗಾಳಿಯ ದಿಕ್ಕನ್ನು ತಿಳಿಯಲು ಚಿಕ್ಕ ರಬ್ಬರು ಬೆಲೂನುಗಳನ್ನು ಹಾರಿಬಿಡಲಾಯಿತು. ಮಕ್ಕಳ ಆಟಿಕೆಯಂತಿರುವ ವಸ್ತುಗಳಿಂದ ಎಪ್ಪತ್ತಾರು ವರ್ಷದ ಮುದುಕನು ಕಡಲಿನ ನಡುವೆ ನಿಂತು ಆಕಾಶವನ್ನು ಪರೀಕ್ಷಿಸುತ್ತಿದ್ದ ಆ ನೋಟವು ನಮಗೆ ಬಹಳ ಪ್ರಿಯವಾದುದು.

ಇದೇ ಕಾಲದಲ್ಲಿ ಅಟ್ಲಾಂಟಿಕಿನ ಆಚೆ ಇಂಗ್ಲೆಂಡಿನಲ್ಲಿ ಪ್ರಸಿದ್ಧ ವಿಜ್ಞಾನಿ ಜಾನ್ ಟಿಂಡಲನು ಅದೇ ಪ್ರಶ್ನೆಯನ್ನು ಬೇರೆ ರೀತಿಯಾಗಿ ಬಿಡಿಸುತ್ತಿದ್ದನು. ೧೮೭೨ರ ಚಳಿಗಾಲದಲ್ಲಿ ಆತನು ಉಪನ್ಯಾಸಗಳಿಗಾಗಿ ಅಮೆರಿಕಕ್ಕೆ ಬಂದಾಗ ಹೆನ್ರಿ ಆತನನ್ನು ಸ್ನೇಹದಿಂದ ಸತ್ಕರಿಸಿದ್ದನು. ಮರುವರ್ಷ ಟಿಂಡಲನು ಡೋವರಿನ ಹತ್ತಿರದ ಸೌತ್ ಫೋರ್‌ಲೆಂಡ್ ಎಂಬಲ್ಲಿ ಫಿರಂಗಿ, ಕಹಳೆ, ಸೈರನ್ನುಗಳನ್ನು ಪರೀಕ್ಷಿಸುವಾಗ ಆ ಸೈರನ್ನನ್ನು ಅಮೆರಿಕದ ಮಂಡಲಿಯೇ ಒದಗಿಸಿಕೊಟ್ಟಿತು. ಮಂಜು, ಮಳೆ, ಹಿಮಗಳು ನಾದವನ್ನು ತಡೆಯುತ್ತವೆಂದು ನೂರಾರು ವರ್ಷಗಳಿಂದ ಜನರು ನಂಬಿದ್ದುದು ತಪ್ಪೆಂದು ಟಿಂಡಲನು ಸಿದ್ಧಪಡಿಸಿದನು. ಈ ವಿಷಯದಲ್ಲಿ ಹೆನ್ರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ೧೮೭೩ರ ಜುಲೈ ೩ರಂದು ಆಕಾಶವು ನಿರ್ಮಲವಾಗಿ ಕಡಲು ಶಾಂತವಾಗಿದ್ದಾಗ ಫಿರಂಗಿಯ ಸದ್ದೇ ಎರಡು ಮೂರು ಮೈಲಿಯಾಚೆ ಕೇಳಿಸದೆ ಹೋದುದನ್ನು ಕಂಡು, ಬಿಸಿಲಿಗೆ ಏಳುವ ಆವಿಯೂ ಕಾದ ಗಾಳಿಯೂ ಸೇರಿ ಕಣ್ಣಿಗೆ ಕಾಣದ ಒಂದು ಮೋಡವಾಗಿ ನಾದವನ್ನು ಹಿಂದಕ್ಕೆ ತಳ್ಳುತ್ತವೆಂದು ಆತನು ವಾದಿಸಿದನು. ಹೆನ್ರಿ ಇದನ್ನು ಒಪ್ಪಲಿಲ್ಲ. ಅಂಥ ಮೋಡವು ನಡುವೆ ಇದ್ದರೆ ಎರಡು ಕಡೆಯ ನಾದವನ್ನೂ ತಡೆಯಬೇಕಷ್ಟೆ; ವೈಟ್‌ಹೆಡ್ಡಿನಲ್ಲಿ ಒಂದು ಕಡೆಯದು ಮಾತ್ರ ಏಕೆ ತಡೆಯಲ್ಪಟ್ಟಿತು ಎಂಬುದು ಆತನ ಆಕ್ಷೇಪಣೆ. ಟಿಂಡಲನು ಅಚ್ಚಿನಲ್ಲಿ ಆತನನ್ನು ಟೀಕಿಸಿದಾಗ ಹೆನ್ರಿ ಶಾಂತವಾಗಿ ಉತ್ತರ ಬರೆದು ಮತ್ತೆ ಸ್ಟೀಮರನ್ನು ಹತ್ತಿದನು.

ಪ್ರಶ್ನೆಯು ಹಡಗುಗಳದ್ದು ಮಾತ್ರವಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, ೧೮೬೨ರ ಜೂನ್ ೨೭ರಂದು ಗೇನ್ಸ್ ಮಿಲ್ ಎಂಬಲ್ಲಿ ಘೋರವಾದ ಕಾಳಗ ನಡೆಯುತ್ತಿದ್ದಾಗ, ಕಣಿವೆಯ ಈಚೆ ಸುಮಾರು ಎರಡು ಮೈಲಿ ದೂರದಲ್ಲಿ ನಿಂತವರು ಫಿರಂಗಿಗಳ ಮಿಂಚನ್ನೂ ಹೊಗೆಯನ್ನೂ ಕಣ್ಣಾರೆ ಕಂಡರೂ ಸದ್ದನ್ನು ಕೇಳಲಿಲ್ಲವೆಂದು ಹನ್ನೆರಡು ವರ್ಷಗಳ ತರುವಾಯ ಟಿಂಡಲನಿಗೆ ಪತ್ರ ಬಂದಿತ್ತು. ಸದ್ದನ್ನು ಕೇಳಿ ನೆರವಿಗೆ ಧಾವಿಸಬೇಕಾದ ಸೈನ್ಯವಿದ್ದಲ್ಲಿ ಇದರಿಂದ ಏನಾಗಬಹುದೆಂದು ಊಹಿಸಿಕೊಳ್ಳಬಹುದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆಷಾಢ ಮಾಸದಲ್ಲಿ ಶಾಲೆಗೆ ಪಡುವಣ ಓಣಿಯ ಹುಡುಗಿಯರು ತಡವಾಗಿ ಬಂದು, ಮೊದಲನೆಯ ಗಂಟೆ ಕೇಳಿಸಲಿಲ್ಲವೆಂದು ಹೇಳುತ್ತಿದ್ದರು. ಮೂಡಣ ಕಡೆ ಅವರಿಗಿಂತ ದೂರದಲ್ಲಿರುವವರಿಗೆ ಕೇಳಿಸಿದ್ದು ಇವರಿಗೆ ಹೇಗೆ ಕೇಳಿಸದೆಂದು ನಾವು ಗದರಿಸಿ ಬಾಗಿಲ ಹೊರಗೆ ನಿಲ್ಲಿಸಿದ್ದುಂಟು. ಹೆನ್ರಿಯ ವಿಷಯವನ್ನು ಓದಿದ ಮೇಲೆ ಒಂದು ದಿನ, ಪಡುವಣ ಗಾಳಿ ಜೋರಾಗಿ ಬೀಸುತ್ತಿದ್ದಾಗ, ಜವಾನನಿಗೆ ಗಂಟೆ ಹೊಡೆಯಲು ಹೇಳಿ ನಾವೇ ಆ ಓಣಿಯ ತಿರುವಿನಲ್ಲಿ ಕೊಡೆ ಹಿಡಿದು ನಿಂತೆವು. ಏನೂ ಕೇಳಿಸಲಿಲ್ಲ.

ಹೆನ್ರಿಯ ವಿವರಣೆಯಲ್ಲಿ ಗಾಳಿಗೆ ಪ್ರಾಧಾನ್ಯವಿತ್ತು; ಸೆಕೆಯ ಪಾತ್ರವನ್ನು ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ಆಸ್ಬರ್ನ್ ರೆನಾಲ್ಡ್ಸನು. ಇದೂ ೧೮೭೪ರ ಸುಮಾರಿನ ಮಾತೇ. ನಾದವು ಬಿಸಿಗಾಳಿಯಲ್ಲಿ ವೇಗವಾಗಿಯೂ ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿಯೂ ಹೋಗುತ್ತದೆ: ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸೆಕೆಂಡಿಗೆ ಸುಮಾರು ೩೩೧ ಮೀಟರು, ಇಪ್ಪತ್ತು ಡಿಗ್ರಿಯಲ್ಲಿ ಸುಮಾರು ೩೪೩ ಮೀಟರು. ಹಗಲಿನಲ್ಲಿ ನೆಲವು ಕಾದಿರುವುದರಿಂದ ಅಲೆಯ ಕೆಳಅಂಚು ಮುಂದಾಗಿ ನಾದವು ಮೇಲಕ್ಕೆ ಬಾಗುತ್ತದೆ. ನಿರ್ಮಲವಾದ ರಾತ್ರಿಯಲ್ಲಿ ನೆಲವು ತಣಿದು ಮೇಲಿನ ಗಾಳಿ ಬೆಚ್ಚಗಿರುವಾಗ ಅದು ಕೆಳಕ್ಕೆ ಬಾಗುತ್ತದೆ. ಹಗಲಲ್ಲಿ ಕೇಳಿಸದ ದೂರದ ರೈಲಿನ ಕೂಗೂ, ನಮ್ಮ ಕರಾವಳಿಯಲ್ಲಿ ನಾಲ್ಕೂರಿನಾಚೆ ನಡೆಯುವ ಆಟದ ಚಂಡೆಯೂ ನಡುರಾತ್ರಿಯಲ್ಲಿ ಹಿತ್ತಲಲ್ಲೇ ಇರುವಂತೆ ಕೇಳಿಸುವುದಕ್ಕೆ ಊರಿನ ನಿಶ್ಶಬ್ದವೊಂದೇ ಕಾರಣವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಸ್ತ್ರವು ಬಹಳ ಮುಂದುವರಿಯಿತು. ಗಾಳಿಯು ಕೀರಲು ಸ್ವರವನ್ನು ಬೇಗ ಹೀರಿಬಿಡುತ್ತದೆ, ಮಂದ್ರಸ್ವರವನ್ನು ಬಹು ಕಡಮೆ ಹೀರುತ್ತದೆ. ದೂರ ಹೋಗತಕ್ಕ ನಾದವು ತಗ್ಗಿನದೇ ಆಗಿರಬೇಕು. ೧೮೮೩ರಲ್ಲಿ ಕ್ರಾಕಟೋವ ಜ್ವಾಲಾಮುಖಿಯು ಸಿಡಿದಾಗ ಅದರ ಸದ್ದು ಸುಮಾರು ೪,೮೦೦ ಕಿಲೋಮೀಟರು ದೂರದ ರಾಡ್ರಿಗಸ್ ದ್ವೀಪದಲ್ಲಿ ಕೇಳಿಸಿತ್ತು. ಕಿವಿಗೆ ಕೇಳದ ಅದರ ಅತಿ ಮಂದ್ರವಾದ ಅಲೆಗಳು ಭೂಮಿಯನ್ನು ಹಲವು ಸಲ ಸುತ್ತಿ ಲೋಕದ ವಾಯುಭಾರಮಾಪಕಗಳಲ್ಲಿ ಗುರುತು ಬಿಟ್ಟುವು. ೧೯೮೪ರಲ್ಲಿ ಕ್ಯಾಥರೀನ್ ಪೇನ್ ಎಂಬ ವಿದುಷಿಯು ನಮ್ಮ ಕಾಡಿನ ಜಾತಿಯವೇ ಆದ ಏಷ್ಯದ ಆನೆಗಳು ಇಂಥ ಕೇಳದ ಸ್ವರದಿಂದ ಮಾತಾಡಿಕೊಳ್ಳುತ್ತವೆಂದು ಕಂಡುಹಿಡಿದಳು. ಈಗ ವಿಜ್ಞಾನಿಗಳು ವಾಯುಮಂಡಲವನ್ನು ಅನೇಕ ಪದರಗಳಾಗಿ ಎಣಿಸಿ, ಒಂದೊಂದರ ಗಾಳಿಯನ್ನೂ ಸೆಕೆಯನ್ನೂ ಗಣಕಯಂತ್ರಕ್ಕೆ ಒಪ್ಪಿಸಿ, ನಾದವು ಎಲ್ಲಿ ಇಳಿಯುವುದು, ಎಲ್ಲಿ ನಿಶ್ಶಬ್ದದ ಪಟ್ಟಿ ಬೀಳುವುದು ಎಂದು ಲೆಕ್ಕ ಹಾಕುತ್ತಾರೆ. ೧೯೯೬ರ ಅಣುಪರೀಕ್ಷಾ ನಿಷೇಧದ ಒಡಂಬಡಿಕೆಯಲ್ಲಿ ಅಂಥ ಅಲೆಗಳನ್ನು ಆಲಿಸಲು ಲೋಕದ ಸುತ್ತಲೂ ೬೦ ಠಾಣೆಗಳನ್ನು ಗೊತ್ತುಮಾಡಲಾಯಿತು. ಟಿಂಡಲನ ಮಾತೂ ಪೂರ್ತಿ ಸುಳ್ಳಾಗಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು: ನಿರ್ಮಲವಾದ ಗಾಳಿಯಲ್ಲಿನ ಸುಳಿಗಳು ನಾದವನ್ನು ಸ್ವಲ್ಪಮಟ್ಟಿಗೆ ಚದರಿಸಿ ಹಿಂದಕ್ಕೆ ಕಳುಹಿಸುತ್ತವೆ, ಆ ಪ್ರತಿಧ್ವನಿಯಿಂದ ಮೇಲಿನ ಗಾಳಿಯನ್ನು ಅಳೆಯುವ ಯಂತ್ರಗಳೂ ಬಂದಿವೆ.

೧೮೭೭ರ ಡಿಸೆಂಬರಿನಲ್ಲಿ ಸ್ಟೇಟನ್ ದ್ವೀಪದಲ್ಲಿದ್ದ ಮಂಡಲಿಯ ಉಗ್ರಾಣಕ್ಕೆ ಪರೀಕ್ಷೆಗಳಿಗಾಗಿ ಹೋಗಿದ್ದ ಹೆನ್ರಿ ಬೆಳಗ್ಗೆ ಏಳುವಾಗ ಬಲಗೈ ಸ್ವಾಧೀನದಲ್ಲಿರಲಿಲ್ಲ. ಮೂತ್ರಪಿಂಡದ ರೋಗವೆಂದು ವೈದ್ಯರು ಕಂಡುಕೊಂಡರು. ಆ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಕೆಲಸ ಬಿಡದೆ, ೧೮೭೮ರ ಮೇ ೧೩ರಂದು ವಾಷಿಂಗ್ಟನ್ನಿನಲ್ಲಿ, ಹೆಂಡತಿಯೂ ಹೆಣ್ಣುಮಕ್ಕಳೂ ಬಳಿಯಲ್ಲಿರುವಾಗ ತೀರಿಕೊಂಡನು. ಕೊನೆಯ ಗಳಿಗೆಯಲ್ಲಿ ಆತನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ವಿಚಾರಿಸಿದನೆಂದು ಹೇಳುವುದುಂಟು. ಶವಸಂಸ್ಕಾರಕ್ಕೆ ದೇಶದ ಅಧ್ಯಕ್ಷನೇ ಬಂದಿದ್ದನು. ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ವಿದ್ವಾಂಸರ ಸಭೆಯು ವಿದ್ಯುತ್ತಿನ ಅಳತೆಗೆ ಆತನ ಹೆಸರನ್ನಿಟ್ಟಿತು.

ಆತನು ಸತ್ತು ಮೂರು ವರ್ಷಗಳಾದ ಮೇಲೆ, ೧೮೮೧ರ ಮೇ ತಿಂಗಳಲ್ಲಿ, ಗಲಾಟಿಯ ಎಂಬ ಸ್ಟೀಮರು ಲಿಟ್ಲ್ ಗಲ್ ದ್ವೀಪದ ದೀಪಸ್ತಂಭದ ತೀರ ಹತ್ತಿರದಲ್ಲಿಯೇ ಮಂಜಿನಲ್ಲಿ ನೆಲಹತ್ತಿತು. ಕಹಳೆ ಕೇಳಿಸಲಿಲ್ಲವೆಂದು ಹಡಗಿನವರು ಹೇಳಿದರು. ದೀಪಸ್ತಂಭಗಳ ಮಂಡಲಿಯವರು ವಿಚಾರಣೆ ನಡೆಸಿ, ಹೆನ್ರಿ ಮಾಡುತ್ತಿದ್ದಂತೆಯೇ ಸ್ಟೀಮರಿನಲ್ಲಿ ಆ ನೀರಿನ ಮೇಲೆ ಸುತ್ತಾಡಿ ಕಿವಿಗೊಟ್ಟು ಪರೀಕ್ಷಿಸಿದರು. ಕಾವಲುಗಾರನು ಕಹಳೆಯನ್ನು ಊದುತ್ತಲೇ ಇದ್ದನೆಂದು ತೀರ್ಮಾನವಾಯಿತು.